ಶಾಂತಿ ಹುಡುಕಿಕೊಂಡು ಬೈಲಕುಪ್ಪೆಗೆ

ಬೈಲಕುಪ್ಪೆಯ ಗೋಲ್ಡನ್ ಟೆಂಪಲ್ ಮುಂದೆ ಸ್ವಲ್ಪ ಹೊತ್ತು ಸುಮ್ನೆ ನಿಂತರೆ ಸಾಕು, "ಎಷ್ಟು ಶಾಂತವಾಗಿದೆ ಅಲ್ವಾ!" ಅನ್ನುವ ಮಾತು ನಾಲ್ಕು ಭಾಷೆಗಳಲ್ಲಿ ಕಿವಿಗೆ ಬೀಳುತ್ತದೆ. ಮೈಸೂರಿನಿಂದ ಮಡಿಕೇರಿಗೆ ಹೊರಟವರು ಕೊಪ್ಪದ ಹತ್ತಿರ ಕಾರು ತಿರುಗಿಸಿಕೊಂಡು ಬರುತ್ತಾರೆ. ಹುಲ್ಲುಹಾಸು, ಬಂಗಾರದ ಬಣ್ಣದ ಬುದ್ಧ, ಕೆಂಪು ಬಟ್ಟೆಯ ಪುಟ್ಟ ಹುಡುಗರು. ಫೋಟೊ ತೆಗೆದು, ಮೊಮೊ ತಿಂದು, ದುಬಾರೆ ಕಡೆ ಹೊರಡುತ್ತಾರೆ. ಅವರನ್ನು ದೂರುತ್ತಿಲ್ಲ. ಆದರೆ ಆ ಶಾಂತಿಯ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಕುಶಾಲನಗರದ ಕಡೆಯವನಾದ ನಾನು ಚಿಕ್ಕಂದಿನಿಂದ ಈ ಟಿಬೆಟನ್ ಕ್ಯಾಂಪ್‌ಗಳಲ್ಲಿ ಓಡಾಡಿಕೊಂಡಿದ್ದವನು. ನನ್ನ ಕೇಳಿದರೆ, ವಾರದ ಸಂತೆ ಬಿಟ್ಟರೆ ನಮ್ಮ ಕಡೆ ಇಷ್ಟು ಗದ್ದಲದ ಜಾಗ ಇನ್ನೊಂದಿಲ್ಲ.

ಬೆಳಕು ಹರಿಯುವ ಮೊದಲೇ ಶುರುವಾಗುತ್ತದೆ. ಏಳಿಸುವ ಗಂಟೆ, ಅದರ ಹಿಂದೆಯೇ ಹುಡುಗರ ಬಾಯಿಪಾಠ. ಒಬ್ಬೊಬ್ಬನೂ ಉದ್ದುದ್ದ ಪುಟಗಳ ಪೋಥಿ ಹಿಡಿದು, ಹಿಂದಕ್ಕೂ ಮುಂದಕ್ಕೂ ತೂಗುತ್ತಾ, ಗಂಟಲು ಹರಿಯುವ ಹಾಗೆ ಓದುತ್ತಾನೆ. ಪಕ್ಕದವನು ಓದುತ್ತಿರುವುದು ಬೇರೆಯೇ ಪುಟ. ಅವನ ದನಿಯಲ್ಲಿ ತನ್ನದು ಮುಳುಗಬಾರದು ಅಂತ ಇವನು ಇನ್ನೂ ಜೋರು. ಆಮೇಲೆ ಪ್ರಾರ್ಥನಾ ಮಂದಿರದಲ್ಲಿ ಡೋಲು, ತಾಳ, ಆಳೆತ್ತರ ಮೀರಿದ ಕಹಳೆ. ಮಧ್ಯಾಹ್ನದೊಳಗೆ ಒಂದು ಸುತ್ತು, ಸಂಜೆಯಾದ ಮೇಲೆ ಇನ್ನೊಂದು ಸುತ್ತು, ಅಂಗಳದಲ್ಲಿ ಚಪ್ಪಾಳೆ ಹೊಡೆದು ಹೊಡೆದು ವಾದ. ಸಂಜೆಯ ವಾದ ಕೆಲವು ದಿನ ಎಷ್ಟು ಹೊತ್ತಿಗೆ ಮುಗಿಯುತ್ತದೋ ಹೇಳಲಾಗದು. ಅತಿಥಿಗೃಹದಲ್ಲಿ ಮಲಗಿದವರಿಗೆ ಇದು ಚೆನ್ನಾಗಿ ಗೊತ್ತು.

ಜಾಗದ ಹಿನ್ನೆಲೆ ಎರಡು ಮಾತಿನಲ್ಲಿ. ಟಿಬೆಟ್ ಬಿಟ್ಟು ಬಂದವರಿಗೆ ಅಂದಿನ ಮೈಸೂರು ಸರ್ಕಾರ ಪಿರಿಯಾಪಟ್ಟಣ ತಾಲ್ಲೂಕಿನ ಈ ಕಾಡಿನಲ್ಲಿ ಸುಮಾರು 3,000 ಎಕರೆ ಕೊಟ್ಟದ್ದು 1960ರ ದಶಕದ ಮೊದಲಲ್ಲಿ. ಪೆನೋರ್ ರಿನ್ಪೋಚೆ ಅನ್ನುವ ಟಿಬೆಟನ್ ಗುರು 1963ರಲ್ಲಿ ಬಿದಿರಿನ ಒಂದು ಸಣ್ಣ ಗುಡಿ ಕಟ್ಟಿ ನಮ್ದ್ರೋಲಿಂಗ್ ವಿಹಾರ ಶುರುಮಾಡಿದರು. ಈಗ ಎಲ್ಲರೂ ನೋಡಲು ಬರುವ ಚಿನ್ನದ ಗುಡಿ ಆದದ್ದು 1999ರಲ್ಲಿ. ಲಾಸಾ ಹತ್ತಿರ 1419ರಲ್ಲಿ ಹುಟ್ಟಿದ ಸೆರಾ ಮಹಾವಿಹಾರ ಸುಮಾರು 1970ರಲ್ಲಿ ಬೈಲಕುಪ್ಪೆಗೆ ಬಂತು. 1447ರ ತಾಶಿ ಲ್ಹುನ್ಪೊ 1972ರಲ್ಲಿ. ಇಂಥವೇ ಇನ್ನೆರಡು ವಿಹಾರ, ಗಾಂದೆನ್, ಡ್ರೆಪುಂಗ್, ಎರಡೂ ಉತ್ತರ ಕನ್ನಡದ ಮುಂಡಗೋಡಿಗೆ ಹೋದವು. ಅಂದರೆ ಟಿಬೆಟ್‌ನ ಅತಿ ದೊಡ್ಡ ವಿದ್ಯಾಪೀಠಗಳು ಇವತ್ತು ನಮ್ಮ ಎರಡು ತಾಲ್ಲೂಕುಗಳಲ್ಲಿ ಇವೆ. ನಮಗೆ ಗೊತ್ತಿರುವುದು ಮಾತ್ರ ಮೊಮೊ, ಸ್ವೆಟರ್.

ಸಾವಿರಾರು ಜನ ಒಂದೇ ಆವರಣದಲ್ಲಿ. ಏಳೆಂಟು ವರ್ಷದ ಮಗುವಿನಿಂದ ಎಂಬತ್ತು ದಾಟಿದ ಮುದುಕರ ತನಕ. ಲಡಾಖ್, ಸ್ಪಿತಿ, ಕಿನ್ನೌರ್, ತವಾಂಗ್, ಸಿಕ್ಕಿಂ, ನೇಪಾಳ, ಭೂತಾನ್, ಮಂಗೋಲಿಯಾ. ಹೆಂಡತಿ ಇಲ್ಲ, ಮಕ್ಕಳಿಲ್ಲ, ಜಗಳವಾದರೆ ಎದ್ದು ಹೋಗಲು ತವರೂ ಇಲ್ಲ. ಇಷ್ಟು ಜನ ಒಂದು ಒಲೆ, ಒಂದು ಸಾಲು ನಲ್ಲಿ, ಒಂದು ಸಾಲು ಪಾಯಿಖಾನೆ ಹಂಚಿಕೊಂಡು ಜೀವಮಾನವಿಡೀ ಹೇಗೆ ಇರುತ್ತಾರೆ? ಧ್ಯಾನ, ಶೂನ್ಯತೆ, ನಿರ್ವಾಣ ಎಲ್ಲ ಆಮೇಲೆ. ನನ್ನ ಕುತೂಹಲ ಇಷ್ಟಕ್ಕೇ. ವಿಹಾರದ ನಿಯಮಗಳನ್ನು ತಿಳಿದುಕೊಳ್ಳುತ್ತಾ ಹೋದ ಹಾಗೆ, ಬುದ್ಧನಿಗೂ ತಲೆನೋವು ತಂದದ್ದು ಜಾಸ್ತಿ ಇದೇ ವಿಷಯ ಅನ್ನಿಸತೊಡಗಿತು.

ಟಿಬೆಟ್ ಸಂಪ್ರದಾಯದಲ್ಲಿ ಪೂರ್ಣ ದೀಕ್ಷೆ ಪಡೆದ ಭಿಕ್ಷುವಿಗೆ 253 ನಿಯಮ. ಮರಿ ಭಿಕ್ಷುಗಳಿಗೆ 36. ಈ 253ರಲ್ಲಿ ಮುರಿದರೆ ಭಿಕ್ಷುತನವೇ ಹೋಗುವಂಥವು ನಾಲ್ಕೇ ನಾಲ್ಕು: ಕೊಲೆ, ಕಳವು, ಕಾಮ, ಇಲ್ಲದ ಸಿದ್ಧಿ ಇದೆ ಅಂತ ಸುಳ್ಳು ಹೇಳುವುದು. ಕೊನೆಯ 112 ಏನು ಗೊತ್ತಾ? ಬಟ್ಟೆ ಹೇಗೆ ಉಡಬೇಕು, ಬೇರೆಯವರ ಮನೆಗೆ ಹೋದಾಗ ಹೇಗೆ ಕೂರಬೇಕು, ತುತ್ತು ಎಷ್ಟು ದೊಡ್ಡದಿರಬೇಕು, ಬಾಯಿ ತುಂಬಿಕೊಂಡು ಮಾತಾಡಬಾರದು, ಪಕ್ಕದವನ ಬಟ್ಟಲು ಇಣುಕಿ ನೋಡಬಾರದು, ಇಂಥವು. ಹೆಚ್ಚುಕಡಿಮೆ ಅರ್ಧ ನಿಯಮ ಊಟ, ಬಟ್ಟೆ, ನಡಿಗೆ, ಕೂರುವುದರ ಮೇಲೆ. ನಮ್ಮ ಅಜ್ಜಿ ಬರೆದಿದ್ದರೂ ಹೀಗೇ ಬರೆಯುತ್ತಿದ್ದರೇನೋ.

ಇವುಗಳಲ್ಲಿ ಯಾವುದೂ ಮೊದಲೇ ಕೂತು ಯೋಚಿಸಿ ಮಾಡಿದ್ದಲ್ಲ. ಯಾರೋ ಏನೋ ಮಾಡುತ್ತಾರೆ, ಇನ್ನಾರೋ ದೂರುತ್ತಾರೆ, ಬುದ್ಧ ವಿಚಾರಿಸುತ್ತಾನೆ, ಒಂದು ನಿಯಮ ಹುಟ್ಟುತ್ತದೆ. ಪ್ರತಿ ನಿಯಮದ ಹಿಂದೆಯೂ ಒಂದು ಕತೆ. ಕೌಶಾಂಬಿಯಲ್ಲಿ ಒಬ್ಬ ಬ್ರಾಹ್ಮಣ ಸಂಘಕ್ಕೆಲ್ಲ ಹಾಲಿನ ಪಾನೀಯ ಮಾಡಿಸಿ ಕೊಟ್ಟನಂತೆ. ಎಲ್ಲರೂ ಸುರುಸುರು ಸದ್ದು ಮಾಡಿಕೊಂಡು ಕುಡಿದರು. ಮೊದಲು ನಾಟಕದವನಾಗಿದ್ದ ಒಬ್ಬ ಭಿಕ್ಷು, "ಏನು, ಇಡೀ ಸಂಘಕ್ಕೇ ಚಳಿ ಹಿಡಿದ ಹಾಗಿದೆ" ಅಂತ ಚಟಾಕಿ ಹಾರಿಸಿದ. ಅಲ್ಲಿಗೆ ಸುರುಸುರು ಬಂದ್. ಸಂಜೆ ಬಿಸಿ ತುಕ್ಪಾ (ನೂಡಲ್ಸ್ ಸೂಪ್) ಮುಂದಿಟ್ಟುಕೊಂಡು ಈ ನಿಯಮ ಪಾಲಿಸುವುದು ಎಷ್ಟು ಕಷ್ಟ ಅಂತ ಕುಡಿದವರಿಗೇ ಗೊತ್ತು.

ನನಗೆ ಬಹಳ ಇಷ್ಟದ್ದು ಹಾಸಿಗೆ ಜಗಳದ ಕತೆ. ಬೈಲಕುಪ್ಪೆಯ ಗೋಡೆಗಳ ಮೇಲೆ ಒಂದು ಚಿತ್ರ ನೀವು ನೋಡಿರುತ್ತೀರಿ. ಮರದ ಕೆಳಗೆ ಆನೆ, ಆನೆಯ ಮೇಲೆ ಕೋತಿ, ಕೋತಿಯ ಮೇಲೆ ಮೊಲ, ಎಲ್ಲಕ್ಕಿಂತ ಮೇಲೆ ಒಂದು ಹಕ್ಕಿ. ಅಂಗಡಿಗಳಲ್ಲಿ ಕೀಚೈನ್ ಮೇಲೂ ಇದೆ. ನಾಲ್ಕು ಜನ ಗೆಳೆಯರ ಮುದ್ದಾದ ಮಕ್ಕಳ ಚಿತ್ರ ಅಂದುಕೊಂಡು ಕೊಳ್ಳುತ್ತೇವೆ. ಅದರ ಮೂಲ ನೋಡಿ. ಬುದ್ಧ ದೊಡ್ಡ ಗುಂಪಿನ ಜೊತೆ ಶ್ರಾವಸ್ತಿ ಕಡೆ ನಡೆದು ಹೋಗುತ್ತಿದ್ದಾನೆ. ಆರು ಜನರ ಒಂದು ತಂಟೆಕೋರ ಗುಂಪಿತ್ತು; ವಿನಯ, ಅಂದರೆ ಭಿಕ್ಷುಗಳ ನಿಯಮಗಳ ಗ್ರಂಥ, ಅದರ ಕತೆಗಳಲ್ಲಿ ಎಲ್ಲ ಕಿತಾಪತಿಗೂ ಇವರೇ. ಅವರ ಶಿಷ್ಯರು ಮುಂದೆ ಓಡಿಹೋಗಿ ತಂಗುವ ಜಾಗದ ಮಂಚಗಳನ್ನೆಲ್ಲ ಹಿಡಿದರು. "ಇದು ನಮ್ಮ ಉಪಾಧ್ಯಾಯರಿಗೆ, ಇದು ಆಚಾರ್ಯರಿಗೆ, ಇದು ನಮಗೆ." ಸಾರಿಗೆ ಬಸ್ಸಿನ ಕಿಟಕಿಯಿಂದ ಸೀಟಿಗೆ ಟವೆಲ್ ಎಸೆಯುವ ನಮ್ಮ ಜನರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಾರಿಪುತ್ರ, ಸಂಘದಲ್ಲಿ ಬುದ್ಧನ ನಂತರದ ದೊಡ್ಡ ವ್ಯಕ್ತಿ, ಹಿಂದೆ ಬಂದವನಿಗೆ ಜಾಗವೇ ಇಲ್ಲ. ಮರದ ಕೆಳಗೆ ಕೂತು ರಾತ್ರಿ ಕಳೆದ. ಬೆಳಗಿನ ಜಾವ ಬುದ್ಧ ಎದ್ದು ಕೆಮ್ಮಿದಾಗ ಆಚೆಯಿಂದಲೂ ಕೆಮ್ಮು ಕೇಳಿಸಿತು. "ಯಾರಲ್ಲಿ?" "ನಾನು, ಸಾರಿಪುತ್ರ."

ಆಗ ಬುದ್ಧ ಭಿಕ್ಷುಗಳನ್ನೆಲ್ಲ ಸೇರಿಸಿ ಕೇಳಿದ: ಒಳ್ಳೆಯ ಆಸನ, ಮೊದಲ ನೀರು, ಮೊದಲ ತುತ್ತು ಯಾರಿಗೆ ಸಲ್ಲಬೇಕು? ಕ್ಷತ್ರಿಯ ಕುಲದಿಂದ ಬಂದವನಿಗೆ ಅಂದರು ಕೆಲವರು. ಬ್ರಾಹ್ಮಣ ಕುಲದವನಿಗೆ ಅಂದರು ಕೆಲವರು. ಚೆನ್ನಾಗಿ ಪ್ರವಚನ ಮಾಡುವವನಿಗೆ, ಧ್ಯಾನದಲ್ಲಿ ಮುಂದೆ ಹೋದವನಿಗೆ ಅಂದವರೂ ಇದ್ದರು. ಅದಕ್ಕೆ ಉತ್ತರವಾಗಿ ಬಂದದ್ದು ಆನೆ, ಕೋತಿ, ಹಕ್ಕಿಯ ಕತೆ. ನಾನು ಮರಿಯಾಗಿದ್ದಾಗ ಈ ಆಲದ ಕುಡಿ ನನ್ನ ಹೊಟ್ಟೆಗೆ ತಾಗುತ್ತಿತ್ತು ಅಂತ ಆನೆ. ನಾನು ನೆಲದ ಮೇಲೆ ಕೂತು ಇದರ ಕುಡಿ ತಿಂದಿದ್ದೆ ಅಂತ ಕೋತಿ. ಎಲ್ಲೋ ಹಣ್ಣು ತಿಂದು ಇಲ್ಲಿ ಹಿಕ್ಕೆ ಹಾಕಿದವನೇ ನಾನು, ಅದರಿಂದ ಈ ಮರ ಹುಟ್ಟಿತು ಅಂತ ಹಕ್ಕಿ. ಹಾಗಾಗಿ ಹಕ್ಕಿ ಹಿರಿಯ. ಟಿಬೆಟ್‌ನವರು ಪಾಲಿಸುವ ವಿನಯದ ಪಾಠದಲ್ಲಿ ಮೊಲವೂ ಇದೆ. ನಿಯಮ ಆಯಿತು: ಕುಲ ಬೇಡ, ಪಾಂಡಿತ್ಯ ಬೇಡ, ಯಾರು ಮೊದಲು ದೀಕ್ಷೆ ತೆಗೆದುಕೊಂಡರೋ ಅವರು ಹಿರಿಯರು.

ಈ ಲೆಕ್ಕ ಎಷ್ಟು ಸೂಕ್ಷ್ಮ ಅಂದರೆ, ದೀಕ್ಷೆ ಮುಗಿದ ತಕ್ಷಣ ಹೊರಗೆ ಹೋಗಿ ನೆರಳು ಅಳೆಯಬೇಕು ಅಂತ ವಿನಯ ಹೇಳುತ್ತದೆ. ಒಂದೇ ದಿನ ದೀಕ್ಷೆ ಪಡೆದ ಇಬ್ಬರಲ್ಲಿ ಯಾರು ದೊಡ್ಡವರು ಅಂತ ನಾಳೆ ತಕರಾರು ಬರಬಾರದಲ್ಲ, ಅದಕ್ಕೆ. ಶಾಕ್ಯ ರಾಜಕುಮಾರರು ಸಂಘ ಸೇರಲು ಬಂದಾಗ ಜೊತೆಗಿದ್ದ ಕ್ಷೌರಿಕ ಉಪಾಲಿಗೆ ತಮಗಿಂತ ಮೊದಲು ದೀಕ್ಷೆ ಕೊಡಿ ಅಂತ ಅವರೇ ಕೇಳಿಕೊಂಡರು. ಅಲ್ಲಿಂದ ಮುಂದೆ ಆ ರಾಜಕುಮಾರರು ಜೀವನಪರ್ಯಂತ ಉಪಾಲಿಗೆ ಕೈಮುಗಿಯಬೇಕು. ಬುದ್ಧ ಹೋದ ಮೇಲೆ ರಾಜಗೃಹದ ಸಭೆಯಲ್ಲಿ ಇಡೀ ವಿನಯವನ್ನು ನೆನಪಿನಿಂದ ಒಪ್ಪಿಸಿದವನು ಇದೇ ಉಪಾಲಿ.

ಇಲ್ಲಿ ಒಂದು ಮುಳ್ಳಿದೆ. ಹೆಂಗಸರ ವಿಷಯಕ್ಕೆ ಬಂದಾಗ ಈ ಚೆಂದದ ಲೆಕ್ಕ ತಪ್ಪುತ್ತದೆ. ದೀಕ್ಷೆ ಪಡೆದು ನೂರು ವರ್ಷವಾದ ಭಿಕ್ಷುಣಿಯೂ ಅಂದೇ ದೀಕ್ಷೆ ಪಡೆದ ಭಿಕ್ಷುವಿಗೆ ಎದ್ದು ನಮಸ್ಕರಿಸಬೇಕು ಅನ್ನುವ ನಿಯಮ ಅದೇ ವಿನಯದಲ್ಲಿದೆ. ಹಕ್ಕಿಯ ಕತೆ ಹೇಳಿದವರೇ ಇದನ್ನೂ ಹೇಳಿದರಾ ಅಂತ ನನಗೆ ಯಾವಾಗಲೂ ಇರಿಸುಮುರಿಸು. ನಮ್ದ್ರೋಲಿಂಗ್‌ನ ಭಿಕ್ಷುಣಿಯರ ವಿಹಾರ 1993ರಲ್ಲಿ ಶುರುವಾಯಿತು. ಬೌದ್ಧ ದರ್ಶನ ಓದಿದ ಗಂಡಸರಿಗೆ ಕೊಡುವ ದೊಡ್ಡ ಪದವಿ ಗೆಶೆಗೆ ಸಮನಾದ ಗೆಶೆಮಾ ಪದವಿ ಮೊದಲ ಬಾರಿಗೆ ಇಪ್ಪತ್ತು ಭಿಕ್ಷುಣಿಯರಿಗೆ ಸಿಕ್ಕಿದ್ದು 2016ರ ಡಿಸೆಂಬರಿನಲ್ಲಿ, ಅದೂ ನಮ್ಮ ಮುಂಡಗೋಡಿನಲ್ಲಿ. ತಡವಾಯಿತು ಅಂತ ಯಾರಿಗಾದರೂ ಅನ್ನಿಸದೆ ಇರದು.

ಈಗ ಮಂದಿರದ ಒಳಗೆ ಬನ್ನಿ. ಹಿರಿತನದ ಲೆಕ್ಕ ಅಲ್ಲಿ ಕಣ್ಣಿಗೆ ಕಾಣುತ್ತದೆ. ಕುಳ್ಳ ಆಸನಗಳ ಉದ್ದುದ್ದ ಸಾಲು. ಮುಂದೆ ಹಿರಿಯರು, ಹಿಂದೆ ಹೋದ ಹಾಗೆ ಚಿಕ್ಕವರು, ಬಾಗಿಲ ಹತ್ತಿರ ಪುಟಾಣಿಗಳು. ಪಠಣ ಎತ್ತಿಕೊಡುವ ಉಮ್ಜೆಯ ದನಿ ನೆಲದಡಿಯಿಂದ ಬಂದ ಹಾಗಿರುತ್ತದೆ. ಶಿಸ್ತಿನ ಅಧಿಕಾರಿ ಗೇಕೊ ಸಾಲುಗಳ ನಡುವೆ ನಿಧಾನವಾಗಿ ನಡೆಯುತ್ತಾರೆ. ಅವರು ಹತ್ತಿರ ಬಂದಾಗ ತೂಕಡಿಸುವ ಹುಡುಗನ ಬೆನ್ನು ತಾನಾಗಿ ನೆಟ್ಟಗಾಗುವುದನ್ನು ನೋಡಬೇಕು. ಮುಖದ ಮೇಲೆ ಮಾತ್ರ ಏನೂ ಆಗದ ಭಾವ.

ಪಠಣದ ಮಧ್ಯೆ ಚಹಾ ಬರುತ್ತದೆ. ಇದು ನನಗೆ ಪ್ರತಿಸಲವೂ ಹಬ್ಬ. ಬಾಗಿಲಾಚೆ ಹುಡುಗರು ದೊಡ್ಡ ದೊಡ್ಡ ಕೆಟಲ್ ಹಿಡಿದು ಸಾಲಾಗಿ ನಿಂತಿರುತ್ತಾರೆ. ತುಂಬಿದ ಕೆಟಲ್ ಎತ್ತಲು ಎರಡು ಕೈಯೂ ಬೇಕು, ಸೊಂಟವೂ ಒಂದು ಕಡೆ ವಾಲುತ್ತದೆ. ಸನ್ನೆಯಾಯಿತೋ, ಬರಿಗಾಲಿನಲ್ಲಿ ಓಟ. ಸಾಲಿನ ನಡುವೆ ಇರುವುದು ಒಂದಾಳು ಹೋಗುವಷ್ಟು ದಾರಿ. ಎಡಬಲಕ್ಕೆ ಚಾಚಿದ ಬಟ್ಟಲುಗಳು. ಪ್ರತಿಯೊಬ್ಬರೂ ತಮ್ಮ ಬಟ್ಟಲನ್ನು ತಾವೇ ತಂದಿರುತ್ತಾರೆ. ಹುಡುಗ ಬಗ್ಗಿ ಸುರಿಯುತ್ತಾನೆ, ಕಂಠದವರೆಗೆ, ಹನಿ ಚೆಲ್ಲದೆ. ಚೆಲ್ಲಿದರೆ ಅದು ಯಾರದೋ ಮಡಿಲಿಗೆ. ಖಾಲಿಯಾದರೆ ಓಡಿ ಹೋಗಿ ತುಂಬಿಸಿಕೊಂಡು ಬರಬೇಕು, ಎಲ್ಲಿ ಬಿಟ್ಟಿದ್ದ ಅನ್ನುವುದೂ ನೆನಪಿರಬೇಕು. ಬಿಸಿ ಚಹಾ ಮುಂದಿದ್ದರೂ ಯಾರೂ ಕುಡಿಯುವುದಿಲ್ಲ. ಅರ್ಪಣೆಯ ಶ್ಲೋಕ ಮುಗಿಯಬೇಕು. ಮುಗಿದ ಮೇಲೆ ನೂರಾರು ಬಟ್ಟಲು ಒಟ್ಟಿಗೆ ತುಟಿಗೆ.

ಆ ದಿನದ ಚಹಾ ಯಾರೋ ಮಾಡಿಸಿದ್ದಿರಬಹುದು. ತೀರಿಕೊಂಡ ಅಪ್ಪನ ಹೆಸರಲ್ಲಿ, ಕಾಯಿಲೆ ಬಿದ್ದ ಮಗಳ ಹೆಸರಲ್ಲಿ. ಚಹಾದ ಜೊತೆ ಒಬ್ಬೊಬ್ಬರಿಗೂ ಒಂದಿಷ್ಟು ನೋಟು ಹಂಚುವುದೂ ಉಂಟು. ಮೊದಲ ಸಾಲಿನ ಮುದುಕರಿಗೂ ಬಾಗಿಲ ಬಳಿಯ ಪುಟಾಣಿಗೂ ಪಾಲು ಬರುತ್ತದೆ. ಆ ದುಡ್ಡಿನಲ್ಲಿ ಆ ಪುಟಾಣಿ ಏನು ಕೊಳ್ಳುತ್ತಾನೆ ಅಂತ ಗೇಟಿನ ಹೊರಗಿನ ಅಂಗಡಿಯವರನ್ನು ಕೇಳಿ. ಕುರ್‌ಕುರೆ.

ಪುಟಾಣಿಗಳ ವಿಷಯದಲ್ಲಿ ನನ್ನ ಮನಸ್ಸು ಒಂದು ಕಡೆ ನಿಲ್ಲುವುದಿಲ್ಲ. ಏಳೆಂಟು ವರ್ಷಕ್ಕೆ ಮನೆ ಬಿಟ್ಟು ಬರುವುದು ಸಣ್ಣ ಮಾತಲ್ಲ. ತಾಯಿ ಇರುವುದು ಹಿಮಾಲಯದ ಯಾವುದೋ ಕಣಿವೆಯಲ್ಲಿ. ಇಲ್ಲಿ ಅವನನ್ನು ಒಬ್ಬ ಗೆರ್ಗೆನ್, ಅಂದರೆ ಮನೆಮೇಷ್ಟ್ರು ಅನ್ನಬಹುದು, ತನ್ನ ಕೋಣೆಯಲ್ಲಿ ಇಟ್ಟುಕೊಂಡು ಸಾಕುತ್ತಾರೆ. ಕೆಲವು ಕೋಣೆಗಳಲ್ಲಿ ಮೂರು ನಾಲ್ಕು ಹುಡುಗರು. ಹುಡುಗ ಗುಡಿಸುತ್ತಾನೆ, ಪಾತ್ರೆ ತೊಳೆಯುತ್ತಾನೆ, ಪಾಠ ಒಪ್ಪಿಸುತ್ತಾನೆ, ಬೈಸಿಕೊಳ್ಳುತ್ತಾನೆ. ಜ್ವರ ಬಂದರೆ ರಾತ್ರಿಯಿಡೀ ಪಕ್ಕದಲ್ಲಿ ಕೂರುವವರೂ ಅದೇ ಗೆರ್ಗೆನ್. ಶಿಷ್ಯ ಬೆಳಿಗ್ಗೆ ಎದ್ದು ಗುರುವಿಗೆ ಹಲ್ಲುಕಡ್ಡಿ, ನೀರು ತಂದಿಡಬೇಕು, ಗುರು ಶಿಷ್ಯನನ್ನು ಮಗನ ಹಾಗೆ ನೋಡಬೇಕು, ಕಾಯಿಲೆ ಬಿದ್ದರೆ ಗುರುವೇ ಶಿಷ್ಯನ ಸೇವೆ ಮಾಡಬೇಕು ಅಂತ ಹಳೆಯ ವಿನಯದಲ್ಲೇ ಇದೆ. ಒಳ್ಳೆಯ ಗೆರ್ಗೆನ್ ಸಿಕ್ಕ ಹುಡುಗನಿಗೆ ತಾಯಿಯ ಕೊರತೆ ಅರ್ಧ ನೀಗುತ್ತದೆ. ಸಿಗದಿದ್ದರೆ ಅವನ ಪಾಡು ಕಷ್ಟ. ಎರಡೂ ಇದೆ.

ಈ ತೊಳಲಾಟ ಹೊಸದೇನಲ್ಲ. ರಾಜಗೃಹದ ಒಬ್ಬ ತಂದೆತಾಯಿ ಮಗನ ಭವಿಷ್ಯದ ಬಗ್ಗೆ ಯೋಚಿಸಿದರಂತೆ. ಬರವಣಿಗೆ ಕಲಿಸಿದರೆ ಬೆರಳು ನೋಯುತ್ತದೆ. ಲೆಕ್ಕ ಕಲಿಸಿದರೆ ಎದೆ ನೋಯುತ್ತದೆ. ನಾಣ್ಯ ಪರೀಕ್ಷೆ ಕಲಿಸಿದರೆ ಕಣ್ಣು ನೋಯುತ್ತದೆ. ಈ ಭಿಕ್ಷುಗಳನ್ನು ನೋಡು, ಚೆನ್ನಾಗಿ ಉಣ್ಣುತ್ತಾರೆ, ಗಾಳಿಯಾಡುವ ಕಡೆ ಮಲಗುತ್ತಾರೆ, ಅಲ್ಲಿಗೇ ಸೇರಿಸೋಣ! ಹುಡುಗ ಒಬ್ಬನೇ ಹೋಗಲಿಲ್ಲ. ತನ್ನ ಜೊತೆಯ ಹುಡುಗರನ್ನೂ ಕರೆದುಕೊಂಡು ಹೋದ, ಒಟ್ಟು ಹದಿನೇಳು. ರಾತ್ರಿ ಇನ್ನೂ ಕತ್ತಲಿರುವಾಗಲೇ ಎದ್ದು "ಗಂಜಿ ಕೊಡಿ, ಊಟ ಕೊಡಿ" ಅಂತ ಅಳಲು ಶುರು. ಬೆಳಗಾಗಲಿ ಅಂದರೆ ಕೇಳಬೇಕಲ್ಲ? ಹಾಸಿಗೆಯನ್ನೂ ಒದ್ದೆ ಮಾಡಿದರು. ಮಕ್ಕಳ ಗಲಾಟೆ ಬುದ್ಧನ ಕಿವಿಗೆ ಬಿತ್ತು. ಇಪ್ಪತ್ತು ತುಂಬದವರಿಗೆ ಪೂರ್ಣ ದೀಕ್ಷೆ ಇಲ್ಲ ಅಂತ ಆಯಿತು. ಇವತ್ತಿಗೂ ಬೈಲಕುಪ್ಪೆಯಲ್ಲಿ ಇಪ್ಪತ್ತರ ಲೆಕ್ಕವೇ.

ಮರಿ ದೀಕ್ಷೆಗೆ ಹದಿನೈದು ಅಂದರು. ಆಮೇಲೆ ಒಂದು ರೋಗ ಬಂದು ಬುದ್ಧನ ಜೊತೆಗೇ ಇರುತ್ತಿದ್ದ ಭಿಕ್ಷು ಆನಂದನಿಗೆ ಬೇಕಾಗಿದ್ದ ಒಂದು ಕುಟುಂಬವೇ ಅಳಿಸಿಹೋಯಿತು. ಎರಡು ಸಣ್ಣ ಮಕ್ಕಳು ಮಾತ್ರ ಉಳಿದವು. ಆನಂದ ಕೇಳಿಕೊಂಡ. ಬುದ್ಧನ ಪ್ರಶ್ನೆ ಒಂದೇ: ಕಾಗೆ ಓಡಿಸುವಷ್ಟು ಶಕ್ತಿ ಇದೆಯಾ? ಇದೆ. ಹಾಗಾದರೆ ಸೇರಿಸಿಕೊಳ್ಳಿ. ಏಳೆಂಟು ವರ್ಷದ ಮಕ್ಕಳಿಗೆ ದೀಕ್ಷೆ ಕೊಡುವುದಕ್ಕೆ ಟಿಬೆಟ್‌ನವರು ಕೊಡುವ ಆಧಾರವೂ ಈ ಕಾಗೆಯದ್ದೇ. ಅನಾಥ ಮಕ್ಕಳಿಗಾಗಿ ತೆರೆದ ಬಾಗಿಲು ಅದು. ತಂದೆತಾಯಿ ಇರುವ ಮಕ್ಕಳನ್ನೂ ಅದೇ ಬಾಗಿಲಿನಿಂದ ಕರೆದುಕೊಳ್ಳಬೇಕಾ ಅಂತ ಪರಿಚಯದ ಒಬ್ಬ ಭಿಕ್ಷುವನ್ನು ಕೇಳಿದ್ದೆ. ಅವರು ತವಾಂಗ್ ಕಡೆಯವರು, ತಾವೂ ಹಾಗೆ ಬಂದವರೇ. ಕುಶಾಲನಗರದ ತರಕಾರಿ ಮಂಡಿಯಲ್ಲಿ ಕಲಿತ ಕನ್ನಡದಲ್ಲಿ, "ನಮ್ಮೂರಲ್ಲಿ ಆಗ ಶಾಲೆ ಎಲ್ಲಿತ್ತು ಸಾರ್" ಅಂದರು. ಅದು ಪೂರ್ತಿ ಉತ್ತರವಲ್ಲ ಅಂತ ಅವರಿಗೂ ಗೊತ್ತಿತ್ತು ಅನ್ನಿಸುತ್ತದೆ.

ಅವರು ತುಂಬಾ ವರ್ಷ ಅಡುಗೆಮನೆಯ ಸಾಮಾನು ತರುವ ಜವಾಬ್ದಾರಿ ಹೊತ್ತಿದ್ದವರು. ಹೊಲದಂಥ ಅಡುಗೆಮನೆ, ಒಬ್ಬ ಮನುಷ್ಯ ಇಳಿದು ಕೂರಬಹುದಾದ ಹಂಡೆಗಳು. ಬೆಳಿಗ್ಗೆ ರೊಟ್ಟಿಯಂಥ ಬಲೆಪ್, ಮಧ್ಯಾಹ್ನ ಅನ್ನ ಬೇಳೆ ಪಲ್ಯ, ಸಂಜೆ ತುಕ್ಪಾ. ಮಧ್ಯಾಹ್ನದ ಮೇಲೆ ಉಣ್ಣಬಾರದು ಅಂತ ವಿನಯ ಹೇಳುತ್ತದೆ. ಶ್ರೀಲಂಕಾ, ಥಾಯ್ಲೆಂಡ್ ಕಡೆಯ ಭಿಕ್ಷುಗಳು ಅದನ್ನು ಬಿಗಿಯಾಗಿ ಪಾಲಿಸುತ್ತಾರೆ. ಇಲ್ಲಿ ಸಾಮಾನ್ಯ ದಿನಗಳಲ್ಲಿ ಸಡಿಲ. ರಾತ್ರಿ ತನಕ ಅಂಗಳದಲ್ಲಿ ನಿಂತು ಕಿರುಚಬೇಕಾದವರಿಗೆ ಹೊಟ್ಟೆಗೆ ಏನಾದರೂ ಬೇಕಲ್ಲ.

ಆ ಕಿರುಚಾಟವನ್ನು ಒಮ್ಮೆಯಾದರೂ ನೋಡಬೇಕು. ಸೆರಾದ ವಾದದ ಅಂಗಳ. ಉತ್ತರ ಹೇಳುವವನು ನೆಲದ ಮೇಲೆ ಕೂತಿರುತ್ತಾನೆ, ಕೇಳುವವನು ನಿಂತಿರುತ್ತಾನೆ. "ದೀಃ" ಅಂತ ಪ್ರಜ್ಞೆಯ ಬೋಧಿಸತ್ವ ಮಂಜುಶ್ರೀಯ ಬೀಜಾಕ್ಷರ ಕೂಗಿ ಶುರು. ಪ್ರಶ್ನೆ ಮುಗಿಯುವ ಕ್ಷಣಕ್ಕೆ ಸರಿಯಾಗಿ ಬಲಗೈ ಎಡಗೈ ಮೇಲೆ ರಪ್ಪನೆ ಬೀಳಬೇಕು, ಎಡಗಾಲು ನೆಲಕ್ಕೆ ಬಡಿಯಬೇಕು. ಕೂತವನಿಗೆ ಇರುವ ಉತ್ತರಗಳು ಕೆಲವೇ: ಒಪ್ಪಿದೆ, ಯಾಕೆ, ಕಾರಣ ಸಾಬೀತಾಗಿಲ್ಲ, ವ್ಯಾಪ್ತಿ ಇಲ್ಲ (ಅಂದರೆ ಆ ಕಾರಣದಿಂದ ಆ ತೀರ್ಮಾನ ಬರುವುದಿಲ್ಲ). ಹಳೆಯ ಕಾಲದ ಬೌದ್ಧ ತರ್ಕಪಂಡಿತ ಧರ್ಮಕೀರ್ತಿಯ ತರ್ಕ ಇಲ್ಲಿ ಪುಸ್ತಕದಲ್ಲಿ ಕೂತಿಲ್ಲ, ಅಂಗಳದಲ್ಲಿ ಬೆವರು ಸುರಿಸುತ್ತಿದೆ. ಕೂತವನು ಐದು ನಿಮಿಷದ ಹಿಂದೆ ಒಪ್ಪಿದ್ದಕ್ಕೆ ಈಗ ಉಲ್ಟಾ ಹೊಡೆದನೋ, ನಿಂತವನು "ತ್ಸಾ!" ಅಂತ ಕೂಗುತ್ತಾನೆ, ಸುತ್ತಲಿದ್ದವರೂ ಸೇರಿಕೊಳ್ಳುತ್ತಾರೆ. ನೂರಾರು ಜೋಡಿಗಳು ಒಂದೇ ಸಲಕ್ಕೆ. ಹತ್ತಿರದ ಜೋಡಿಯ ದನಿಗೆ ಕಂಗೆಡದೆ ತನ್ನ ಎಳೆ ಹಿಡಿಯುವುದೂ ಪಾಠವೇ.

ಗೆಶೆ ಆಗಲು ಇಪ್ಪತ್ತು ವರ್ಷದ ಆಸುಪಾಸು ಬೇಕು. ಆ ಇಪ್ಪತ್ತು ವರ್ಷವೂ ಒಬ್ಬನೇ ಕೂತು ಓದಿ ಪಾಸಾಗುವ ದಾರಿ ಇಲ್ಲ. ದಿನಾ ಎಲ್ಲರೆದುರು ಸೋಲಬೇಕು. ನಿನ್ನೆ ನಿಮ್ಮ ಮಡಿಲಿಗೆ ಚಹಾ ಚೆಲ್ಲಿದವನು ಇವತ್ತು ನಿಮ್ಮ ತರ್ಕ ಮುರಿಯುತ್ತಾನೆ. ವಾದ ಮುಗಿದ ಮೇಲೆ ಇಬ್ಬರೂ ಹೆಗಲ ಮೇಲೆ ಕೈ ಹಾಕಿಕೊಂಡು ಕೋಣೆಗೆ ಹೋಗುತ್ತಾರೆ. ಕನಿಷ್ಠ ಹಾಗೆ ಹೋಗಬೇಕು ಅಂತ ಇದೆ. ಮುಖ ಊದಿಸಿಕೊಂಡು ಹೋಗುವವರನ್ನೂ ನೋಡಿದ್ದೇನೆ.

ಜಗಳವಂತೂ ಬುದ್ಧನ ಕಣ್ಣೆದುರೇ ಆಗಿದೆ. ಅದೂ ಎಂಥ ವಿಷಯಕ್ಕೆ! ಕೌಶಾಂಬಿಯಲ್ಲಿ ಧರ್ಮಪಾಠದ ಪಂಡಿತನೊಬ್ಬ ಪಾಯಿಖಾನೆಗೆ ಹೋಗಿ ಬಂದಾಗ ಚೊಂಬಿನಲ್ಲಿ ನೀರು ಉಳಿಸಿಬಿಟ್ಟ. ವಿನಯದ ಪಂಡಿತ, ಇದು ತಪ್ಪು ಅಂದ. ತಪ್ಪಾದರೆ ಒಪ್ಪಿಕೊಳ್ಳುತ್ತೇನೆ ಅಂದ ಇವನು. ಬೇಕಂತ ಮಾಡಿಲ್ಲದಿದ್ದರೆ ತಪ್ಪಲ್ಲ ಬಿಡು ಅಂದ ಅವನು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ವಿನಯದ ಪಂಡಿತ ತನ್ನ ಶಿಷ್ಯರ ಹತ್ತಿರ, "ಅವನಿಗೆ ತಪ್ಪು ಯಾವುದು ಅಂತಾನೂ ಗೊತ್ತಿಲ್ಲ" ಅಂದುಬಿಟ್ಟ. ಶಿಷ್ಯರು ಶಿಷ್ಯರಿಗೆ ಹೇಳಿದರು. ಬಹಿಷ್ಕಾರ, ಎರಡು ಬಣ, ಕೈ ಮಿಲಾಯಿಸುವ ತನಕ ಹೋಯಿತು. ಬುದ್ಧ ಬಂದು ಹೇಳಿದರೆ, "ನೀವು ಆರಾಮಾಗಿರಿ, ಈ ಜಗಳ ನಾವು ನೋಡಿಕೊಳ್ಳುತ್ತೇವೆ" ಅನ್ನುವ ಉತ್ತರ. ಬೇಸತ್ತ ಬುದ್ಧ ಯಾರಿಗೂ ಹೇಳದೆ ಬಟ್ಟಲು ಬಟ್ಟೆ ತೆಗೆದುಕೊಂಡು ಕಾಡಿಗೆ ಹೊರಟುಹೋದ. ಕೊನೆಗೆ ಸರಿಮಾಡಿದವರು ಊರಿನ ಜನ. ನಿಮ್ಮಿಂದ ಬುದ್ಧ ಹೋದರು ಅಂತ ಭಿಕ್ಷೆ ನಿಲ್ಲಿಸಿದರು. ಹೊಟ್ಟೆ ಚುರುಗುಟ್ಟಿದಾಗ ರಾಜಿ ತಾನಾಗಿ ಬಂತು.

ಕಾಡಿನ ದಾರಿಯಲ್ಲಿ ಬುದ್ಧ ಒಂದು ತೋಪಿಗೆ ಹೋದ. ಅಲ್ಲಿ ಅನುರು‍ದ್ಧ, ನಂದಿಯ, ಕಿಂಬಿಲ ಅಂತ ಮೂವರು ಭಿಕ್ಷುಗಳು. ಹೇಗೆ ಇದ್ದೀರಿ ಅಂದರೆ ಅವರು ಹೇಳಿದ್ದು ಮನೆಕೆಲಸದ ಪಟ್ಟಿ. ಭಿಕ್ಷೆಯಿಂದ ಮೊದಲು ಬಂದವನು ಆಸನ ಹಾಸಿ ನೀರು ಇಡುತ್ತಾನೆ. ಕೊನೆಗೆ ಬಂದವನು ಉಳಿದದ್ದು ತಿಂದು, ಎಲ್ಲ ಎತ್ತಿಟ್ಟು, ಗುಡಿಸುತ್ತಾನೆ. ಕುಡಿಯುವ ನೀರಿನದೋ, ತೊಳೆಯುವ ನೀರಿನದೋ, ಪಾಯಿಖಾನೆಯದೋ, ಯಾವ ಕೊಡ ಖಾಲಿ ಕಂಡರೂ ಕಂಡವನು ತುಂಬಿಸುತ್ತಾನೆ. ಭಾರವಾದರೆ ಕೈಸನ್ನೆಯಲ್ಲಿ ಇನ್ನೊಬ್ಬನನ್ನು ಕರೆಯುತ್ತಾನೆ. ಐದು ದಿನಕ್ಕೊಮ್ಮೆ ರಾತ್ರಿಯೆಲ್ಲ ಧರ್ಮದ ಮಾತು. ಒಂದು ಕಡೆ ಪಾಯಿಖಾನೆಯ ಚೊಂಬಿಗೆ ಒಡೆದುಹೋದ ಸಂಘ, ಇನ್ನೊಂದು ಕಡೆ ಪಾಯಿಖಾನೆಯ ಕೊಡ ತುಂಬಿಸಿಡುವ ಮೂವರು. ಈ ಎರಡನ್ನೂ ಒಂದರ ಪಕ್ಕ ಒಂದು ಇಟ್ಟವರು ಯಾರೋ, ಒಟ್ಟಿಗೆ ಬಾಳಿ ಬೆಂದವರೇ ಇರಬೇಕು.

ಬೈಲಕುಪ್ಪೆಯವರೂ ಬೆಂದೇ ಬಂದವರು. 1959ರ ನಂತರ ಸುಮಾರು 1,500 ಭಿಕ್ಷುಗಳನ್ನು ಬಂಗಾಳದ ಬಕ್ಸಾದಲ್ಲಿ ಇಟ್ಟಿದ್ದರು. ಬ್ರಿಟಿಷರು ಸ್ವಾತಂತ್ರ್ಯ ಹೋರಾಟಗಾರರನ್ನು ಕೂಡಿಹಾಕುತ್ತಿದ್ದ ಜಾಗ ಅದು. ಸೆಕೆ, ಇಕ್ಕಟ್ಟು, ಕ್ಷಯ. ಎಷ್ಟೋ ಜನ ಅಲ್ಲೇ ತೀರಿಕೊಂಡರು. ಪಾಠ ಮಾತ್ರ ನಿಲ್ಲಲಿಲ್ಲ. ಅಲ್ಲಿ ಉಳಿದವರಲ್ಲಿ ಸೆರಾದ ಸುಮಾರು 300 ಜನ ಇಲ್ಲಿಗೆ ಬಂದಾಗ ಇದ್ದದ್ದು ಕಾಡು, ಆನೆ, ಮಳೆ. ಬದುಕಬೇಕಾದರೆ ಉಳಬೇಕು. ಇಲ್ಲಿ ಸಿಕ್ಕಿಕೊಂಡಿತು ನೋಡಿ. ನೆಲ ಅಗೆಯುವುದು, ಗಿಡ ಕಡಿಯುವುದು ಎರಡೂ ಪೂರ್ಣ ದೀಕ್ಷೆಯ ಭಿಕ್ಷುವಿಗೆ ದೋಷ, ಮಣ್ಣಲ್ಲಿ ಜೀವ ಇರುತ್ತದೆ ಅಂತ. ಆ 253ರ ಪಟ್ಟಿ ಬಾಯಲ್ಲಿದ್ದ ಪಂಡಿತರೇ ಕಾಡು ಕಡಿದು ಮುಸುಕಿನ ಜೋಳ ಬಿತ್ತಿದರು. ಹಗಲು ಹೊಲ, ಸಂಜೆ ವಾದ. ನಿಯಮ ಮುರಿದರು ಅಂತ ಯಾರಾದರೂ ಅಂದರೆ ನನಗೆ ಸಿಟ್ಟು ಬರುತ್ತದೆ. ಅವರು ಆ ಮಣ್ಣು ಅಗೆಯದಿದ್ದರೆ ಆ ನಿಯಮ ಓದುವ ಸೆರಾ ಇವತ್ತು ಇಲ್ಲಿ ಇರುತ್ತಿರಲಿಲ್ಲ.

ಮುರಿದದ್ದನ್ನು ಹೇಳಿಕೊಳ್ಳಲು ಜಾಗ ಇದ್ದೇ ಇದೆ. ಹದಿನೈದು ದಿನಕ್ಕೊಮ್ಮೆ ಸೋಜೊಂಗ್. ಆಗ ನಮ್ಮಂಥವರಿಗೆ ಒಳಗೆ ಪ್ರವೇಶವಿಲ್ಲ. ಭಿಕ್ಷುಗಳು ತಪ್ಪು ಒಪ್ಪಿಕೊಂಡ ಮೇಲೆ ನಿಯಮಗಳ ಪಠಣ. ಒಂದೊಂದು ಗುಂಪಿನ ನಿಯಮ ಮುಗಿದ ಮೇಲೂ ಶುದ್ಧರಾಗಿದ್ದೀರಾ ಅಂತ ಮೂರು ಸಲ ಪ್ರಶ್ನೆ. ಸುಮ್ಮನಿದ್ದರೆ ಹೌದು ಅಂತ ಲೆಕ್ಕ. ವರ್ಷಕ್ಕೊಮ್ಮೆ ಮಳೆಗಾಲದ ವಾಸ. ಮಳೆಯಲ್ಲಿ ಓಡಾಡಿ ಹಸಿರು ಬೆಳೆ, ಹುಳುಹುಪ್ಪಟೆ ತುಳಿಯುತ್ತಾರೆ ಅಂತ ಜನ ದೂರಿದ್ದರಿಂದ ಹುಟ್ಟಿದ ಪದ್ಧತಿ. ಮಳೆ ಕಮ್ಮಿಯ ಟಿಬೆಟ್‌ನಲ್ಲಿ ಶತಮಾನಗಟ್ಟಲೆ ಇದನ್ನು ಪಾಲಿಸಿದರು. ಈಗ ಕೊಡಗಿನ ಅಂಚಿಗೆ ಬಂದು, ಆಷಾಢ ಶ್ರಾವಣದ ನಿಜವಾದ ಮಳೆಯಲ್ಲಿ ಪಾಲಿಸುತ್ತಾರೆ. ಗಡಿ ಗುರುತು ಹಾಕಿಕೊಂಡು, ಅಪ್ಪಣೆ ಇಲ್ಲದೆ ಹೊರಗೆ ರಾತ್ರಿ ಕಳೆಯದೆ. ಮಳೆಗಾಲ ಮುಗಿದ ದಿನ ಪ್ರತಿಯೊಬ್ಬ ಭಿಕ್ಷುವೂ ಸಂಘದ ಮುಂದೆ ಕೇಳಿಕೊಳ್ಳಬೇಕು: ನನ್ನಲ್ಲಿ ನೀವು ಕಂಡ, ಕೇಳಿದ, ಅನುಮಾನಪಟ್ಟ ತಪ್ಪು ಇದ್ದರೆ ದಯವಿಟ್ಟು ಹೇಳಿ. ಅಷ್ಟು ದಿನ ಮಳೆಯಲ್ಲಿ ಒಟ್ಟಿಗೆ ಸಿಕ್ಕಿಹಾಕಿಕೊಂಡವರ ಹತ್ತಿರ ಹೀಗೆ ಕೇಳುವುದಕ್ಕೆ ಗುಂಡಿಗೆ ಬೇಕು. ನಮ್ಮ ಅಪಾರ್ಟ್‌ಮೆಂಟಿನ ವಾರ್ಷಿಕ ಸಭೆಯಲ್ಲಿ ಯಾರಾದರೂ ಹೀಗೆ ಕೇಳಲಿ ನೋಡೋಣ!

2008ರ ನಂತರ ಟಿಬೆಟ್‌ನಿಂದ ಗಡಿ ದಾಟಿ ಬರುವವರು ತೀರಾ ಕಡಿಮೆಯಾಗಿದ್ದಾರೆ. ಹಿಮಾಲಯದ ಹಳ್ಳಿಗಳಲ್ಲೂ ಈಗ ಮನೆಗೆ ಒಂದೋ ಎರಡೋ ಮಕ್ಕಳು, ಹತ್ತಿರದಲ್ಲೇ ಶಾಲೆ. ಒಂದು ದೃಷ್ಟಿಯಲ್ಲಿ ಒಳ್ಳೆಯದೇ. ನನ್ನ ಅದೇ ತರಕಾರಿ ಮಂಡಿಯ ಭಿಕ್ಷು ಮೊನ್ನೆ ಸಿಕ್ಕಾಗ ಇದರ ಇನ್ನೊಂದು ಮುಖ ಹೇಳಿದರು. ಅವರ ಕಾಲದಲ್ಲಿ ಹುಡುಗರು ಕೆಲವು ವರ್ಷ ಕೆಟಲ್ ಹಿಡಿದು ಓಡುತ್ತಿದ್ದರು, ಆಮೇಲೆ ಹಿಂದಿನಿಂದ ಬಂದ ಚಿಕ್ಕವರಿಗೆ ದಾಟಿಸಿ ಕೂತುಬಿಡುತ್ತಿದ್ದರು. ಈಗ ಹಿಂದಿನಿಂದ ಬರುವವರೇ ಸಾಲದು. ಮೀಸೆ ಬಂದವರೂ ಕೆಟಲ್ ಹಿಡಿದು ಓಡುತ್ತಿದ್ದಾರಂತೆ. "ಒಂದು ಲಾಭ ಸಾರ್," ಅಂದರು, "ಚೆಲ್ಲೋದು ಕಮ್ಮಿ."